ನಾನು ಬಿಟ್ಟುಬಿಡು ಎಂದ ಐದು ಪ್ರಶ್ನೆಗಳು

ಪೆನ್ಯಸೋರ್ದಾ ಪುರಸಭೆಯ ಅರ್ಜಿ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತವಳು ಕಸಿಲ್ದಾ. ಅವಳ ಬಗ್ಗೆ ಊರಿನವರನ್ನು ಕೇಳಿದರೆ ಮೊದಲು ಬೈಯುತ್ತಾರೆ, ಆಮೇಲೆ ಅವಳಿಲ್ಲದಿದ್ದರೆ ತಮ್ಮ ಒಂದು ಕೆಲಸವೂ ಆಗುತ್ತಿರಲಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ನಾನು ನಿಕಾನೋರ್, ಅದೇ ಪುರಸಭೆಯ ಬಾಗಿಲು ಕಾಯುವವನು. ಬೆಳಿಗ್ಗೆ ಒಂಬತ್ತಕ್ಕೆ ತೆಗೆಯುವುದು, ಮಧ್ಯಾಹ್ನ ಎರಡಕ್ಕೆ ಮುಚ್ಚುವುದು, ಮೂವತ್ತೊಂದು ವರ್ಷದಿಂದ ಇಷ್ಟೇ ಕೆಲಸ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಬರಲಿ. ತಣ್ಣಗೆ ಕೇಳಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಲಿ.

ಅವಳು ಬಂದದ್ದು ಮೂರು ತಿಂಗಳ ಮಟ್ಟಿಗೆ. ಮೊದಲಿದ್ದ ಗುಮಾಸ್ತೆ ಹೆರಿಗೆ ರಜೆಯ ಮೇಲೆ ಹೋಗಿದ್ದಳು. ಹೋದವಳು ಗಂಡನ ಜೊತೆ ಸರಗೋಸಾ ನಗರದಲ್ಲೇ ನೆಲೆಸಿಬಿಟ್ಟಳು. ಹಂಗಾಮಿ ಎಂದು ಕೂರಿಸಿದ್ದ ಕಸಿಲ್ದಾಳನ್ನು ಎಬ್ಬಿಸಲು ಯಾರಿಗೂ ನೆನಪಾಗಲಿಲ್ಲ, ಕಾಯಂ ಮಾಡಲೂ ನೆನಪಾಗಲಿಲ್ಲ. ಮೂವತ್ತನಾಲ್ಕಕ್ಕೆ ಬಂದವಳಿಗೆ ಆ ಕುರ್ಚಿಯಲ್ಲೇ ಐವತ್ತಮೂರಾಯಿತು. ಮದುವೆಯಾಗಿರಲಿಲ್ಲ. ಊರಿನಲ್ಲಿ ಅವಳಿಗಿದ್ದದ್ದು ಆ ಕೆಲಸ, ಮತ್ತು ಹನ್ನೊಂದು ಗಂಟೆಗೆ ನನ್ನ ಬಾಗಿಲ ಪಕ್ಕದ ಗೂಡಿನಲ್ಲಿ ನಾವಿಬ್ಬರೂ ಕುಡಿಯುವ ಕಾಫಿ.

ಕೌಂಟರಿನಲ್ಲಿ ಅವಳು ಮಹಾ ಕಟ್ಟುನಿಟ್ಟು. ಕುರಿ ಕಾಯುವ ಫೆರ್ಮಿನ್ ಹುಲ್ಲುಗಾವಲಿನ ಪರವಾನಗಿಗೆ ಬಂದಾಗ ಅವನನ್ನು ಮೂರು ಸಲ ವಾಪಸು ಕಳಿಸಿದ್ದಳು. ಒಂದು ಸಲ ಸಹಿ ಇರಲಿಲ್ಲ, ಇನ್ನೊಂದು ಸಲ ನಕಲು ಇರಲಿಲ್ಲ, ಮೂರನೇ ಸಲ ನಕಲು ಅವನ ತಮ್ಮನದು. ಅವನು ಮೇಜು ಗುದ್ದಿ, ಇವಳ ಅಪ್ಪನಿಂದ ಹಿಡಿದು ಎಲ್ಲರನ್ನೂ ಬೈದ. ಇವಳು ಮಾತ್ರ ಪ್ರತಿ ಸಲವೂ ಒಂದು ಚೀಟಿಯಲ್ಲಿ ಏನು ತರಬೇಕು, ಎಲ್ಲಿ ಸಿಗುತ್ತದೆ, ಅಲ್ಲಿ ಯಾರನ್ನು ಕೇಳಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದು ಅವನ ಜೇಬಿಗೆ ಹಾಕುತ್ತಿದ್ದಳು. ಅವನಿಗೆ ಕನ್ನಡಕವಿರಲಿಲ್ಲ. ಪರವಾನಗಿ ಸಿಕ್ಕ ದಿನ ಅವನು ಒಂದು ಗಟ್ಟಿ ಚೀಸು ತಂದರೆ ಅದನ್ನೂ ವಾಪಸು ಕಳಿಸಿದಳು.

ಎರಡು ವರ್ಷದ ಹಿಂದೆ ಪ್ರಕಟಣೆ ಬಂತು. ಹಂಗಾಮಿಗಳು ಇರಕೂಡದಂತೆ, ಆ ಕುರ್ಚಿಗೆ ಪರೀಕ್ಷೆಯಂತೆ. ನೂರು ಪ್ರಶ್ನೆ. ಸಂವಿಧಾನ, ಸರ್ಕಾರಿ ಕಚೇರಿಗಳ ಕಾರ್ಯವಿಧಾನದ ಕಾನೂನು, ಪುರಸಭೆ ಕಾನೂನು. ಉತ್ತರ ತಪ್ಪಾದರೆ ಮೂರನೇ ಒಂದು ಅಂಕ ಕಡಿತ. ಕುರ್ಚಿ ಒಂದೇ. ನೆರೆಯ ಊರುಗಳಲ್ಲಿ ಅನುಭವಕ್ಕೂ ಅಂಕ ಕೊಟ್ಟಿದ್ದರು. ನಮ್ಮಲ್ಲಿ ಒಂದೂ ಇಲ್ಲ. ಇದನ್ನು ಬರೆದವನು ಪುರಸಭೆಯ ಕಾರ್ಯದರ್ಶಿ ದೋನ್ ಲೆಯಾಂದ್ರೊ (ಮರ್ಯಾದೆಗೆ ಗಂಡಸರನ್ನು ದೋನ್, ಹೆಂಗಸರನ್ನು ದೋಣ್ಯಾ ಎನ್ನುತ್ತೇವೆ). ಪರೀಕ್ಷಾ ಮಂಡಳಿಯ ಅಧ್ಯಕ್ಷನೂ ಅವನೇ, ಪ್ರಶ್ನೆ ತೆಗೆಯುವವನೂ ಅವನೇ. ಹತ್ತೊಂಬತ್ತು ವರ್ಷ ಅವನಿಗೆ ಬರುವ ಪ್ರತಿ ಕಾಗದವನ್ನೂ ತಿದ್ದಿ, ಜೋಡಿಸಿ, ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನ ಗುರುತು ಮಾಡಿ ಕೊಟ್ಟವಳು ಕಸಿಲ್ದಾ.

ಅವಳು ಹೋಗಿ ಕೇಳಿದಾಗ ನಾನು ಬಾಗಿಲಲ್ಲೇ ನಿಂತಿದ್ದೆ.

"ಸಮಾನತೆ, ಅರ್ಹತೆ, ಸಾಮರ್ಥ್ಯ. ಕಾನೂನು ಹೇಳೋದೇ ಹಾಗೆ, ಕಸಿಲ್ದಾ. ನಾನೇನು ಮಾಡ್ಲಿ ಹೇಳು?" ಎಂದ ದೋನ್ ಲೆಯಾಂದ್ರೊ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

"ಹಾಗಾದ್ರೆ ಇಷ್ಟು ವರ್ಷ ನಾನು ಯಾವ ಸಾಮರ್ಥ್ಯದ ಮೇಲೆ ಕೂತಿದ್ದೆ, ದೋನ್ ಲೆಯಾಂದ್ರೊ?"

"ನೀನು ಓದಿದ್ರೆ ಆಯ್ತಮ್ಮ. ನಿನಗೆ ಗೊತ್ತಿಲ್ಲದ್ದು ಏನಿದೆ ಅದರಲ್ಲಿ?"

ನನ್ನ ಮೈ ಉರಿದುಹೋಯಿತು. ಇಪ್ಪತ್ತೈದನೇ ವಯಸ್ಸಿನಲ್ಲಿ ಒಂದೇ ಒಂದು ಪರೀಕ್ಷೆ ಪಾಸು ಮಾಡಿ, ಆಮೇಲೆ ಒಂದು ಪುಸ್ತಕವನ್ನೂ ಬಿಡಿಸದ ಮನುಷ್ಯ ಈ ಮಾತು ಹೇಳಬೇಕೆ?

ಅವಳು ಓದಿದಳು. ಹದಿನಾಲ್ಕು ತಿಂಗಳು. ಹನ್ನೊಂದರ ಕಾಫಿಗೆ ಪುಸ್ತಕ ಹಿಡಿದುಕೊಂಡೇ ಬರುತ್ತಿದ್ದಳು. ಅದನ್ನು ನನ್ನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ, ಗೋಡೆ ನೋಡುತ್ತ ನಿಲ್ಲುತ್ತಿದ್ದಳು. ನಾನು ಕಲಮಿನ ನಂಬರು ಹೇಳಬೇಕು, ಅವಳು ಒಪ್ಪಿಸಬೇಕು. ಒಂದು ಪದ ಹೆಚ್ಚು ಕಡಿಮೆಯಾದರೂ ನಿಲ್ಲಿಸಬೇಕು. ನಿಲ್ಲಿಸಿದರೆ ನನ್ನ ಮೇಲೇ ರೇಗುವಳು. "ನಿಧಾನಕ್ಕೆ ನೋಡೋ, ನೀನೇ ತಪ್ಪು ಸಾಲು ಹಿಡಿದಿದೀಯ!" ಹೀಗಾಗಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಸಂವಿಧಾನದ ನೂರ ಅರವತ್ತೊಂಬತ್ತು ಕಲಮುಗಳಲ್ಲಿ ಅರ್ಧ ಬಾಯಿಗೆ ಬಂದವು. ರಾಜನ ಕಲಮುಗಳು ನನಗೆ ಸುಲಭ, ನ್ಯಾಯಾಲಯದವು ಕಷ್ಟ. ಅವಳಿಗೆ ಕಷ್ಟವಾದದ್ದು ಸಂಸತ್ತು. ಐವತ್ತಮೂರರ ತಲೆಗೆ ಸಂಖ್ಯೆಗಳು ನಿಲ್ಲುತ್ತಿರಲಿಲ್ಲ. ನಿನ್ನೆ ಸರಾಗವಾಗಿ ಹೇಳಿದ್ದನ್ನು ಇವತ್ತು ಮರೆತು, ಗೋಡೆಗೆ ಹಣೆ ಒತ್ತಿ ನಿಂತುಬಿಡುತ್ತಿದ್ದಳು.

ಮಹಡಿಯ ಮೇಲಿನ ಗ್ರಂಥಾಲಯದಲ್ಲಿ ಅದೇ ಪರೀಕ್ಷೆಗೆ ಓದುತ್ತಿದ್ದವಳು ಹಿಮೆನಾ. ಪೆಟ್ರೋಲ್ ಬಂಕಿನವನ ಮಗಳು, ಇಪ್ಪತ್ತಾರು ವರ್ಷ, ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಬಂದವಳು. ಸದ್ದು ಕೇಳದಂತೆ ಕಿವಿಗೆ ಹಳದಿ ಬಿರಡೆ ಸಿಕ್ಕಿಸಿಕೊಂಡು ದಿನಕ್ಕೆ ಹತ್ತು ಗಂಟೆ ಕೂರುತ್ತಿದ್ದಳು. ಒಂದು ದಿನ ಗಡುವುಗಳ ಅಧ್ಯಾಯ ತಲೆಗೆ ಹತ್ತದೆ ಅಳುಮೋರೆ ಮಾಡಿಕೊಂಡು ಕೆಳಗಿಳಿದು ನೇರ ಕಸಿಲ್ದಾಳ ಮುಂದೆ ನಿಂತಳು.

"ದೋಣ್ಯಾ ಕಸಿಲ್ದಾ, ಕಾನೂನಲ್ಲಿ ಬರೀ 'ಹತ್ತು ದಿನ' ಅಂತ ಇದ್ರೆ ಭಾನುವಾರ ಲೆಕ್ಕಕ್ಕೆ ಬರುತ್ತಾ?"

"ಮಗಳೇ, ಕಾನೂನು ಬೇರೆ ಥರ ಅಂತ ಬಾಯಿಬಿಟ್ಟು ಹೇಳ್ದಿದ್ರೆ, ದಿನ ಅಂದ್ರೆ ಕೆಲಸದ ದಿನ. ಶನಿವಾರ, ಭಾನುವಾರ, ಹಬ್ಬ ಮೂರೂ ಬಿಡು. ಮೂವತ್ತನೇ ಕಲಮು. ಅದೊಂದು ತಲೇಲಿ ಕೂತ್ರೆ ಅಧ್ಯಾಯ ಮುಗಿದ ಹಾಗೆ," ಎಂದು ಕ್ಯಾಲೆಂಡರು ತೆಗೆದು ಅರ್ಧ ಗಂಟೆ ಪಾಠ ಮಾಡಿದಳು.

ನಾನು ಆಮೇಲೆ ಜಗಳಕ್ಕೆ ಹೋದೆ. "ನಿನ್ನ ಕುರ್ಚಿಗೇ ಕೈ ಹಾಕಿರೋಳಿಗೆ ಪಾಠ ಬೇರೆ ಹೇಳ್ಕೊಡ್ತೀಯಲ್ಲ, ನಿನಗೆ ತಲೆಗಿಲೆ ಕೆಟ್ಟಿದೆಯಾ?"

"ಕೌಂಟರಿಗೆ ಬಂದು ಕೇಳಿದ್ಳು. ಹೇಳ್ದೆ. ಕೌಂಟರು ಇರೋದೇ ಅದಕ್ಕೆ."

ಪರೀಕ್ಷೆಯ ಹಿಂದಿನ ದಿನ ನಾನು ನನ್ನ ದೊಡ್ಡ ಬುದ್ಧಿ ಖರ್ಚು ಮಾಡಿದೆ. ನೂರು ಪ್ರಶ್ನೆಗಳ ಕೊನೆಯಲ್ಲಿ ಐದು ಮೀಸಲು ಪ್ರಶ್ನೆ ಇರುತ್ತವೆ. ಮಂಡಳಿ ಯಾವುದಾದರೂ ಪ್ರಶ್ನೆಯನ್ನು ತಪ್ಪೆಂದು ರದ್ದು ಮಾಡಿದರೆ ಅದರ ಜಾಗಕ್ಕೆ ಮೀಸಲಿನ ಮೊದಲನೆಯದು ಬರುತ್ತದೆ. ರದ್ದಾಗದಿದ್ದರೆ ಅವು ಲೆಕ್ಕಕ್ಕೇ ಇಲ್ಲ. ಕಸಿಲ್ದಾಳ ಕೈ ನಿಧಾನ, ಅವಳಿಗೆ ಸಮಯ ಸಾಲುತ್ತದೋ ಇಲ್ಲವೋ ಎಂಬ ಹೆದರಿಕೆ. ನಾನು ಹೇಳಿದೆ:

"ಆ ಐದನ್ನ ಬಿಟ್ಬಿಡು. ಮೂವತ್ತೊಂದು ವರ್ಷದಲ್ಲಿ ಈ ಪುರಸಭೆ ಒಂದೇ ಒಂದು ಪ್ರಶ್ನೆ ರದ್ದು ಮಾಡಿದ್ದು ನಾನು ನೋಡಿಲ್ಲ. ತಾನು ತಪ್ಪು ಮಾಡಿದೆ ಅಂತ ಲೆಯಾಂದ್ರೊ ಒಪ್ಕೋತಾನಾ? ಸತ್ರೂ ಇಲ್ಲ. ಆ ಸಮಯದಲ್ಲಿ ಹಿಂದಿನವನ್ನ ಇನ್ನೊಂದು ಸಲ ನೋಡು."

"ಹೌದು ಬಿಡು, ನಿನ್ನ ಮಾತೂ ಸರಿ," ಎಂದಳು.

ಪರೀಕ್ಷೆ ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು. ನೂರ ನಲವತ್ತು ಜನ, ಬಸ್ಸಿನಲ್ಲಿ ಎಲ್ಲೆಲ್ಲಿಂದಲೋ ಬಂದವರು. ಬಾಗಿಲಲ್ಲಿ ಹೆಸರು ಕೂಗಿದವನು ನಾನೇ. ಹತ್ತು ದಿನದ ಮೇಲೆ ತಾತ್ಕಾಲಿಕ ಪಟ್ಟಿ ಬಂತು. ಅದನ್ನು ಗಾಜಿನ ಪೆಟ್ಟಿಗೆಯೊಳಗೆ ಅಂಟಿಸಿದವನೂ ನಾನೇ. ಮೊದಲ ಹೆಸರು ಕಸಿಲ್ದಾ, ಎಪ್ಪತ್ತೆಂಟು ಅಂಕ. ಎರಡನೆಯದು ಹಿಮೆನಾ, ಎಪ್ಪತ್ತಾರು ಮತ್ತೆ ಮೂರನೇ ಒಂದು. ನಾನು ಅಂಟಿನ ಕೈಯಲ್ಲೇ ಕೌಂಟರಿಗೆ ಓಡಿದೆ. ಅವಳು ಎದ್ದು ಬಂದು ಪಟ್ಟಿಯನ್ನು ಎರಡು ಸಲ ಓದಿದಳು. ಆಮೇಲೆ ಎದುರಿನ ಬಾರ್‌ಗೆ ಹೋಗಿ, ಅವಳು ಯಾವತ್ತೂ ಮುಟ್ಟದ ಕರಿದ ಹಂದಿಕೊಬ್ಬಿನ ತಟ್ಟೆಯನ್ನು ಒಬ್ಬಳೇ ಖಾಲಿ ಮಾಡಿದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಕ್ಷೇಪಣೆ ಇದ್ದವರು ಐದು ದಿನದೊಳಗೆ ಬರೆದು ಕೊಡಬೇಕು. ಐದನೇ ದಿನ ಶುಕ್ರವಾರ, ಎರಡಕ್ಕೆ ಗಡುವು. ನಾಲ್ಕು ದಿನ ಒಬ್ಬರೂ ಬರಲಿಲ್ಲ. ಶುಕ್ರವಾರ ಒಂದೂ ನಲವತ್ತಕ್ಕೆ ಹಿಮೆನಾ ಬಂದಳು. ಆನ್‌ಲೈನಿನಲ್ಲಿ ಕಳಿಸಲು ಹೋದರೆ ಅವಳ ಡಿಜಿಟಲ್ ಸಹಿಯ ಅವಧಿ ಹಿಂದಿನ ದಿನವೇ ಮುಗಿದಿತ್ತಂತೆ. ಕೌಂಟರಿನ ಮುಂದೆ ನಿಂತು ಕಾಗದ ಮುಂದಿಟ್ಟಳು, ಕಸಿಲ್ದಾಳ ಮುಖ ನೋಡುವ ಧೈರ್ಯವಿಲ್ಲದೆ.

ಅರ್ಜಿ ಓದುವುದು ಗುಮಾಸ್ತೆಯ ಕೆಲಸವಲ್ಲ. ತೆಗೆದುಕೊಂಡು ಮುದ್ರೆ ಒತ್ತಿದರೆ ಮುಗಿಯಿತು. ಆದರೆ ಕಸಿಲ್ದಾ ಪ್ರತಿ ಕಾಗದವನ್ನೂ ಓದುವವಳು. ಇದನ್ನೂ ಓದಿದಳು. ನಾನು ಪಕ್ಕದಲ್ಲೇ ನಿಂತು ಅವಳ ಭುಜದ ಮೇಲಿಂದ ಓದಿದೆ.

ಆಕ್ಷೇಪಣೆ ನಲವತ್ತೇಳನೇ ಪ್ರಶ್ನೆಯ ಮೇಲೆ. ಅರ್ಜಿಯಲ್ಲಿ ಕೊರತೆ ಇದ್ದರೆ ಸರಿಪಡಿಸಲು ಅರ್ಜಿದಾರನಿಗೆ ಎಷ್ಟು ಸಮಯ ಕೊಡಬೇಕು? 'ಎ' ಹತ್ತು ದಿನ, 'ಬಿ' ಹತ್ತು ಕೆಲಸದ ದಿನ. ಮಂಡಳಿಯ ಉತ್ತರ 'ಎ'. ಹಿಮೆನಾ ಹಾಕಿದ್ದು 'ಬಿ'. ದಿನ ಎಂದರೆ ಕೆಲಸದ ದಿನವೇ ಆದ್ದರಿಂದ ಎರಡೂ ಸರಿ, ಎರಡು ಸರಿಯುತ್ತರ ಇರುವ ಪ್ರಶ್ನೆ ನಿಲ್ಲುವುದಿಲ್ಲ, ರದ್ದು ಮಾಡಿ ಎಂದು ಬರೆದಿದ್ದಳು. ಆ 'ಬಿ'ಯನ್ನು ಹುಡುಗಿಯ ತಲೆಗೆ ಹಾಕಿದವಳು ಕಸಿಲ್ದಾಳೇ. ಪ್ರಶ್ನೆ ರದ್ದಾದರೆ ಕಸಿಲ್ದಾಳ ಒಂದು ಅಂಕ ಹೋಗುತ್ತದೆ. ಹಿಮೆನಾಳಿಗೆ ಕಡಿತವಾದ ಮೂರನೇ ಒಂದು ವಾಪಸು ಬರುತ್ತದೆ. ಆ ಜಾಗಕ್ಕೆ ಮೀಸಲಿನ ಮೊದಲ ಪ್ರಶ್ನೆ ಬರುತ್ತದೆ. ಅದನ್ನು ಹಿಮೆನಾ ಬರೆದಿದ್ದಾಳೆ, ಓದಿದವರೆಲ್ಲ ಬರೆಯುತ್ತಾರೆ. ಕಸಿಲ್ದಾ ಬರೆದಿಲ್ಲ. ಬರೆಯಬೇಡ ಎಂದವನು ಅವಳ ಹಿಂದೆ ನಿಂತಿದ್ದೇನೆ.

ಆಗಲೇ ನನ್ನ ಕಣ್ಣು ಕಾಗದದ ಕೆಳಗೆ ಹೋಯಿತು. ಸಹಿ ಇಲ್ಲ. ಗಾಬರಿಯಲ್ಲಿ ಮರೆತಿದ್ದಾಳೆ. ಸಹಿ ಇಲ್ಲದ ಕಾಗದವನ್ನು ಹಾಗೇ ತೆಗೆದುಕೊಂಡು ಮುದ್ರೆ ಒತ್ತಿಬಿಟ್ಟರೆ ದೋನ್ ಲೆಯಾಂದ್ರೊ ಅದನ್ನು ತಿರುಗಿಯೂ ನೋಡುವವನಲ್ಲ. ಕೊರತೆ ಸರಿಪಡಿಸಲು ಹತ್ತು ದಿನ ಕೊಡಬೇಕೆಂಬ ಕಾನೂನು ಅವನಿಗೆ ನೆನಪಾಗುವುದು ಪ್ರಶ್ನೆಪತ್ರಿಕೆ ತೆಗೆಯುವಾಗ ಮಾತ್ರ. ಬಾಯಿ ಮುಚ್ಚಿಕೊಂಡು ಮುದ್ರೆ ಒತ್ತು, ದೇವರಾಣೆಗೂ ಬಾಯಿ ಮುಚ್ಚಿಕೋ ಎಂದು ನಾನು ಮನಸ್ಸಿನಲ್ಲೇ ಕೂಗಿಕೊಂಡೆ.

"ಸಹಿ ಎಲ್ಲಿ?" ಎಂದಳು ಕಸಿಲ್ದಾ.

"ಅಯ್ಯೋ! ಕೊಡಿ, ಕೊಡಿ ಇಲ್ಲಿ." ಹಿಮೆನಾ ಕಾಗದಕ್ಕೆ ಕೈ ಚಾಚಿದಳು.

"ಗುರುತಿನ ಚೀಟಿ?"

ಹುಡುಗಿ ಚೀಲ ತಡಕಿದಳು, ಜೇಬು ತಡಕಿದಳು. "ಮನೇಲಿದೆ. ದೋಣ್ಯಾ ಕಸಿಲ್ದಾ, ನಾನ್ಯಾರು ಅಂತ ನಿಮಗೆ ಗೊತ್ತಲ್ವಾ?"

"ನನಗೆ ಗೊತ್ತು. ಕಾಗದಕ್ಕೆ ಗೊತ್ತಿಲ್ಲ. ಹೋಗಿ ತಾ, ಎರಡರವರೆಗೂ ತೆಗೆದಿರುತ್ತೆ. ಇನ್ನೊಂದು, ನೀನು ಇಪ್ಪತ್ತೊಂಬತ್ತನೇ ಕಲಮು ಅಂತ ಬರೆದಿದೀಯ, ಅದು ಮೂವತ್ತು. ಬಂದ್ಮೇಲೆ ಪೆನ್ನಲ್ಲೇ ತಿದ್ದು, ಪಕ್ಕದಲ್ಲಿ ಸಹಿ ಹಾಕು. ಏನು ನೋಡ್ತಾ ನಿಂತಿದೀಯ? ಓಡು!"

ಅವಳ ಮನೆ ಪೆಟ್ರೋಲ್ ಬಂಕಿನ ಪಕ್ಕ, ಊರಾಚೆ. ಹುಡುಗಿ ಬಿಸಿಲಿನಲ್ಲಿ ಓಡಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ನಿನಗೆ ಹುಚ್ಚು ಹಿಡಿದಿದೆ. ಅದು ರದ್ದಾದ್ರೆ ನೀನು ಬೀದಿಗೆ ಬೀಳ್ತೀಯ ಕಣೇ, ಗೊತ್ತಾಗಲ್ವಾ?"

"ನೂರು ಅಂಕದ ಲೆಕ್ಕ ನನಗೂ ಬರುತ್ತೆ, ನಿಕಾನೋರ್. ಹೋಗು, ನಿನ್ನ ಕೆಲಸ ನೋಡು."

ನನ್ನ ಕೆಲಸ ಬಾಗಿಲು. ನಾನು ಬಾಗಿಲಿಗೆ ಹೋದೆ. ಒಂದೂ ಐವತ್ತೇಳಕ್ಕೆ ಬೀದಿಯ ಆ ತುದಿಯಲ್ಲಿ ಹಿಮೆನಾ ಕಂಡಳು, ಕೆಂಪು ಮುಖ, ಕೈಯಲ್ಲಿ ಚೀಟಿ. ನಾನು ಬಾಗಿಲು ಎಳೆದು ಬೀಗ ತಿರುಗಿಸಿದೆ. ಹೌದು, ಮಾಡಿದೆ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಒಂದು ನಿಮಿಷ ಮುಂಚೆ ಮುಚ್ಚದವನು ಅವತ್ತು ಮೂರು ನಿಮಿಷ ಮುಂಚೆ ಮುಚ್ಚಿದೆ. ನಾಚಿಕೆಯಿಲ್ಲ, ಅಂಥದೇ ದಿನ ಬಂದರೆ ಮತ್ತೆ ಮುಚ್ಚುತ್ತೇನೆ. ಹುಡುಗಿ ಬಂದು ಗಾಜಿಗೆ ಎರಡೂ ಕೈಯಲ್ಲಿ ಬಡಿದಳು. ನಾನು ಗೋಡೆ ನೋಡಿದೆ.

ಕಸಿಲ್ದಾ ಕೌಂಟರಿನಿಂದ ಎದ್ದು ಬಂದಳು. ನನ್ನ ಸೊಂಟದ ಗೊಂಚಲಿನಿಂದ ಬೀಗದ ಕೈಯನ್ನು ತಾನೇ ಬಿಚ್ಚಿಕೊಂಡು ಬಾಗಿಲು ತೆಗೆದಳು. ಹುಡುಗಿ ಕಲಮು ತಿದ್ದಿದಳು, ಸಹಿ ಹಾಕಿದಳು. ಒಂದೂ ಐವತ್ತೊಂಬತ್ತಕ್ಕೆ ಮುದ್ರೆ ಬಿತ್ತು. ಎರಡಕ್ಕೆ ಕಸಿಲ್ದಾ ಕೀಲಿಯನ್ನು ನನ್ನ ಮುಂದೆ ಇಟ್ಟು, "ಈಗ ಮುಚ್ಚು," ಎಂದಳು.

"ಯಾಕೆ ಹೀಗೆ ಮಾಡ್ದೆ?" ಎಂದೆ.

"ಆ ಪ್ರಶ್ನೆ ತಪ್ಪು ಕಣೋ. ಪರೀಕ್ಷೇಲಿ ಓದಿದ ತಕ್ಷಣ ಗೊತ್ತಾಯ್ತು. ಎರಡೂ ಸರಿ. ನಾನು 'ಎ' ಹಾಕಿದ್ದು ಯಾಕೆ ಗೊತ್ತಾ? ಲೆಯಾಂದ್ರೊ ಮೂವತ್ತನೇ ಕಲಮು ಯಾವತ್ತೂ ಓದಿಲ್ಲ ಅಂತ ಗೊತ್ತಿತ್ತು, ಅದಕ್ಕೆ. ಆ ಅಂಕ ನನಗೆ ಕಾನೂನು ಗೊತ್ತಿದ್ದಕ್ಕೆ ಬಂದಿದ್ದಲ್ಲ, ಆ ಮನುಷ್ಯ ಗೊತ್ತಿದ್ದಕ್ಕೆ ಬಂದಿದ್ದು." ಮೇಜಿನ ಮೇಲಿದ್ದ ಪೆನ್ನುಗಳ ಡಬ್ಬಿಯನ್ನು ಕೈಯಲ್ಲಿ ಹೊಡೆದು ಕೆಡವಿದಳು. "ಸಿಟ್ಟು ನಿನಗೊಬ್ಬನಿಗೇ ಬರೋದು ಅಂದ್ಕೊಂಡಿದೀಯಾ?"

ಪೆನ್ನುಗಳನ್ನು ಇಬ್ಬರೂ ಕೂತು ಆರಿಸಿದೆವು.

ಮಂಡಳಿ ಮೂರು ವಾರ ತೆಗೆದುಕೊಂಡಿತು. ನಾನು ನಂಬಿದ್ದ ದೋನ್ ಲೆಯಾಂದ್ರೊನ ಜಂಬ ಅವತ್ತು ಕೈಕೊಟ್ಟಿತು. ಹುಡುಗಿ ಕಾನೂನು ಓದಿದವಳು, ಕೋರ್ಟಿಗೆ ಹೋದರೆ ತನ್ನ ಹೆಸರು ಹಾಳು ಎಂದು ಅವನು ಹೆದರಿದ. ನಲವತ್ತೇಳನೇ ಪ್ರಶ್ನೆ ರದ್ದಾಯಿತು. ಅಂತಿಮ ಪಟ್ಟಿ: ಹಿಮೆನಾ ಎಪ್ಪತ್ತೇಳು ಮತ್ತೆ ಮೂರನೇ ಎರಡು, ಕಸಿಲ್ದಾ ಎಪ್ಪತ್ತೇಳು. ಅದನ್ನೂ ನಾನೇ ಅಂಟಿಸಬೇಕಾಯಿತು. ಪ್ರಶ್ನೆಯನ್ನು ಕೆಟ್ಟದಾಗಿ ಬರೆದವನ ಕುರ್ಚಿ ಅಲುಗಲಿಲ್ಲ. ಸರಿಯಾಗಿ ಓದಿ ಅರ್ಥ ಮಾಡಿಕೊಂಡವಳ ಕುರ್ಚಿ ಹೋಯಿತು. ಹುಡುಗಿಯನ್ನು ಬೈಯೋಣವೆಂದರೆ ಅವಳದೇನೂ ತಪ್ಪಿಲ್ಲ. ಅವಳು ಬರೆದದ್ದೆಲ್ಲ ನಿಜ. ಅದೇ ನನಗೆ ಇನ್ನೂ ಹೊಟ್ಟೆ ಉರಿಸುತ್ತದೆ.

ಕಡೆಯ ದಿನ ಮೇಯರ್ ಒಂದು ಹೂವಿನ ಗುಚ್ಛ ಕೊಟ್ಟು ಫೋಟೋ ತೆಗೆಸಿಕೊಂಡ. ಫೋಟೋ ಮುಗಿದ ಮೇಲೆ ದೋನ್ ಲೆಯಾಂದ್ರೊ ಕಸಿಲ್ದಾಳನ್ನು ಪಕ್ಕಕ್ಕೆ ಕರೆದ.

"ಇನ್ನೊಂದು ವಾರ ಬಂದು ಹೋಗು, ಕಸಿಲ್ದಾ. ಪಾಪ, ಹೊಸ ಹುಡುಗಿ. ಯಾವ ಕಡತ ಎಲ್ಲಿದೆ, ಯಾರಿಗೆ ಓದೋಕೆ ಬರಲ್ಲ, ಅದೆಲ್ಲ ನಿನಗೊಬ್ಬಳಿಗೇ ಗೊತ್ತು."

"ಅದು ಪರೀಕ್ಷೇಲಿ ಇರಲಿಲ್ಲ, ದೋನ್ ಲೆಯಾಂದ್ರೊ," ಎಂದಳು. ಹೂವನ್ನು ಅವನ ಕೈಗೇ ಕೊಟ್ಟು ಕೋಟು ಹಾಕಿಕೊಂಡಳು.

ನಾನು ಅವಳ ಜೊತೆ ಚೌಕದವರೆಗೂ ನಡೆದೆ. ದಾರಿಯುದ್ದಕ್ಕೂ ಲೆಯಾಂದ್ರೊನನ್ನು ಬೈದೆ, ಮೇಯರನನ್ನು ಬೈದೆ, ಸಂವಿಧಾನವನ್ನು ಬೈದೆ. ಕಡೆಗೆ ನನಗೆ ತಡೆಯಲಾಗಲಿಲ್ಲ.

"ಹೇಳಿಬಿಡು, ಕಸಿಲ್ದಾ. ಆ ಐದು ಪ್ರಶ್ನೆ ಬಿಡು ಅಂದೋನು ನಾನು. ಬರೆದಿದ್ರೆ ಈ ಕುರ್ಚಿ ಹೋಗ್ತಿರಲಿಲ್ಲ. ಬೈ. ಒಂದು ಸಲನಾದ್ರೂ ಬೈದುಬಿಡು."

"ಪೆನ್ನು ನನ್ನ ಕೈಲಿತ್ತು," ಎಂದಳು. "ಮಾರ್ಚಿನಲ್ಲಿ ಜಿಲ್ಲಾ ಕಚೇರಿಗೆ ಎರಡು ಹುದ್ದೆ ಕರೀತಾರಂತೆ. ಪರೀಕ್ಷೆಗೆ ಕೂತ್ಕೋತೀನಿ," ಎಂದಳು.

ನನಗೆ ಜೀವ ಬಂದ ಹಾಗಾಯಿತು. "ಹಾಗಾದ್ರೆ ನಾಳೆಯಿಂದಲೇ ಶುರು ಮಾಡೋಣ. ಹನ್ನೊಂದಕ್ಕೆ ಬಾ, ಕಾಫಿ ಮಾಡಿಟ್ಟಿರ್ತೀನಿ. ಸಂಸತ್ತಿನಿಂದಲೇ ಕೇಳ್ತೀನಿ, ಅದೇ ಅಲ್ವಾ ನಿನಗೆ ಕಷ್ಟ?"

ಅವಳು ನಿಂತು ನನ್ನ ಕೋಟಿನ ಕಾಲರು ಸರಿ ಮಾಡಿದಳು.

"ಬೇಡ, ನಿಕಾನೋರ್. ಈ ಸಲ ಒಬ್ಬಳೇ ಓದ್ಕೋತೀನಿ."